ನೀರಪ್ಪನ ಬಾಯಿ ತೊಳೆದ ಪೀರಿಯಡ್

ನನ್ನ ಜಾಗಕ್ಕೆ ಬಂದಿರುವ ಇತಿಹಾಸದ ಉಪನ್ಯಾಸಕಿ ಮೊನ್ನೆ ಫೋನು ಮಾಡಿದ್ದಳು. ಕೆಲಸಕ್ಕೆ ಸೇರಿ ಅವಳಿಗೆ ಇನ್ನೂ ಎರಡು ತಿಂಗಳು. "ಮೇಡಂ, ಸೋಮವಾರದಿಂದ ಮೆಸೊಪೊಟೇಮಿಯ ತಗೋತೀನಿ. ಆ ದೇವರುಗಳ ಭಾಗ ಇದೆಯಲ್ಲ, ಅದನ್ನ ಹೆಂಗೆ ಮಾಡೋದು? ನಿಮ್ಮ ನೋಟ್ಸ್ ಇದ್ರೆ ಕಳ್ಸಿ" ಎಂದಳು. ನೋಟ್ಸ್ ಇಲ್ಲ ಎಂದು ಸುಳ್ಳು ಹೇಳಿದೆ. ಅಟ್ಟದ ಮೇಲೆ ಒಂದು ಚೀಲದ ತುಂಬ ಇದೆ. ಅದನ್ನು ಕೊಟ್ಟರೆ ಅವಳು ನಾನು ಮೊದಲ ಹತ್ತು ಹನ್ನೆರಡು ವರ್ಷ ಮಾಡಿದ ಹಾಗೆಯೇ ಪಾಠ ಮಾಡುತ್ತಾಳೆ, ಮಕ್ಕಳು ಅವತ್ತಿನ ಮಕ್ಕಳ ಹಾಗೆಯೇ ತೂಕಡಿಸುತ್ತಾರೆ. ಅದರ ಬದಲು ನಡೆದದ್ದನ್ನೇ ಬರೆದು ಕಳಿಸೋಣ ಅಂದುಕೊಂಡೆ. ಇತಿಹಾಸ ಕಲಿಸಲು ಈಗ ತಾನೇ ಸೇರಿದ ಬೇರೆಯವರು ಓದಿದರೂ ಅಡ್ಡಿಯಿಲ್ಲ.

ನನ್ನ ಮನೆ ತಿಪಟೂರಿನಲ್ಲಿ. ಕಾಲೇಜು ತುರುವೇಕೆರೆ ತಾಲ್ಲೂಕಿನ ಒಂದು ಸರ್ಕಾರಿ ಪದವಿಪೂರ್ವ ಕಾಲೇಜು. ಊರಿನ ಹೆಸರು ಬೇಡ, ಈ ಕತೆಯವರು ಕೆಲವರು ಇನ್ನೂ ಅಲ್ಲೇ ಕೆಲಸದಲ್ಲಿದ್ದಾರೆ. ದಿನಾ ಹೋಗಿ ಬರುವ ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ತೆಂಗಿನ ತೋಟ ಬಿಟ್ಟು ಬೇರೇನೂ ಕಾಣುವುದಿಲ್ಲ, ಹಾಗಾಗಿ ಬಸ್ಸಿನಲ್ಲಿ ಓದುವ ಅಭ್ಯಾಸವಾಯಿತು. ಬಡ್ತಿ, ವರ್ಗಾವಣೆ, ಸನ್ಮಾನಗಳ ಬಗ್ಗೆ ಇಲ್ಲಿ ಬರೆಯುವುದಿಲ್ಲ. ಸನ್ಮಾನ ಒಂದೇ ಒಂದು ಆಯಿತು, ನಿವೃತ್ತಿಯ ದಿನ. ಶಾಲು ಸಣ್ಣದಾಗಿತ್ತು. ಬಡ್ತಿ ಯಾಕೆ ಆಗಲಿಲ್ಲ ಎಂಬುದು ಮುಂದೆ ತಾನಾಗಿ ಬರುತ್ತದೆ.

ಮೊದಲ ವರ್ಷಗಳಲ್ಲಿ ನಾನು ಬೋರ್ಡಿನ ಮೇಲೆ ಒಂದು ಪಟ್ಟಿ ಬರೆಯುತ್ತಿದ್ದೆ. ಆನ್, ಆಕಾಶದ ದೇವರು. ಎನ್ಲಿಲ್, ಗಾಳಿಯ ದೇವರು. ಎನ್ಕಿ, ನೆಲದ ಕೆಳಗಿನ ಸಿಹಿನೀರಿನ ದೇವರು. ಶಮಾಷ್, ಸೂರ್ಯ, ನ್ಯಾಯದ ಲೆಕ್ಕವೂ ಅವನದೇ. ಇಷ್ಟಾರ್, ಪ್ರೀತಿಗೂ ಯುದ್ಧಕ್ಕೂ ಒಬ್ಬಳೇ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಅದಲು ಬದಲು ಮಾಡುತ್ತಿದ್ದರು. ಎನ್ಲಿಲ್ ನೀರಿಗೂ ಎನ್ಕಿ ಗಾಳಿಗೂ ಹೋದರೆ ಅರ್ಧ ಅಂಕ ಕಳೆಯುತ್ತಿದ್ದೆ. ನಾಲ್ಕು ಸಾವಿರ ವರ್ಷದ ಹಿಂದೆ ಒಬ್ಬ ರೈತ ಕಾಲುವೆಯ ದಂಡೆಯಲ್ಲಿ ನಿಂತು ಯಾರಿಗೆ ಕೈ ಮುಗಿಯುತ್ತಿದ್ದ ಎಂಬುದಕ್ಕೂ ಈ ಅರ್ಧ ಅಂಕಕ್ಕೂ ಏನು ಸಂಬಂಧ ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಇವೆಲ್ಲ ಊರ ದೇವರು. ಅವರ ಮನೆದೇವ್ರು ಯಾವುದು?" ತರಗತಿ ನಕ್ಕಿತು. ನಾನು, "ಇದು ನಿಮ್ಮೂರಲ್ಲ, ಕೂತ್ಕೋ" ಎಂದೆ. ಎಷ್ಟೋ ವರ್ಷ ಆದ ಮೇಲೆ ಬಸ್ಸಿನಲ್ಲಿ ಓದುತ್ತಿದ್ದಾಗ ಗೊತ್ತಾಯಿತು: ಅಲ್ಲಿ ಪ್ರತಿ ಮನೆಯವನಿಗೂ ತನ್ನದೇ ಒಂದು ದೇವರು ಇತ್ತು, ಅದು ಅಪ್ಪನಿಂದ ಮಗನಿಗೆ ಬರುತ್ತಿತ್ತು, ದೊಡ್ಡ ದೇವರ ಹತ್ತಿರ ಇವನ ಪರವಾಗಿ ಮಾತಾಡುವುದು ಅದರ ಕೆಲಸ. ಕಾಯಿಲೆ ಬಿದ್ದರೆ ತನ್ನ ದೇವರು ಮುನಿದು ಬಿಟ್ಟುಹೋಯಿತು ಅಂದುಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಇಲ್ಲದ ಆ ಪಾಠದ ಅತಿ ಮುಖ್ಯ ಪ್ರಶ್ನೆಯನ್ನು ಕೇಳಿದವಳನ್ನು ನಾನು ಕೂರಿಸಿದ್ದೆ. ಆ ಹುಡುಗಿಯ ಹೆಸರೂ ನನಗೆ ನೆನಪಿಲ್ಲ, ಅದಕ್ಕೆ ನನಗೆ ನಾಚಿಕೆಯಿದೆ.

ಅಲ್ಲಿಂದ ವಿಧಾನ ಬದಲಾಯಿಸಿದೆ. ಪಟ್ಟಿ ಬಿಟ್ಟು ಪ್ರಶ್ನೆ ಕೇಳತೊಡಗಿದೆ. ಅವರ ಖರ್ಜೂರದ ಮರದಿಂದ ಏನೇನು ಮಾಡುತ್ತಿದ್ದರು ಎಂದು ಕೇಳಿದರೆ, ಒಂದು ಪುಟವನ್ನೂ ಓದದ ಮಕ್ಕಳು ಹಗ್ಗ, ಚಾಪೆ, ತೊಲೆ, ಬುಟ್ಟಿ, ಪೊರಕೆ ಎಂದು ಎಲ್ಲವನ್ನೂ ಸರಿಯಾಗಿ ಹೇಳುತ್ತಿದ್ದರು. "ಅವರೂ ನಮ್ಮ ತರಾನೇ ಮಿಸ್, ಬರೀ ಮರ ಬೇರೆ" ಎಂದ ಒಬ್ಬ. ಇನ್ನೊಂದು ವರ್ಷ ಕುರಿಯ ಈಲಿ, ಅಂದರೆ ಯಕೃತ್ತು, ನೋಡಿ ಭವಿಷ್ಯ ಹೇಳುವ ಅವರ ಪದ್ಧತಿ ವಿವರಿಸಿದೆ. ಮಾರನೆಯ ದಿನ ಒಬ್ಬ ಹುಡುಗ ಟಿಫನ್ ಡಬ್ಬಿಯಲ್ಲಿ ನಿಜವಾದ ಈಲಿ ತಂದಿದ್ದ. ಅವತ್ತೇ ತಪಾಸಣೆಗೆ ಬಂದ ಅಧಿಕಾರಿ, ಮಕ್ಕಳ ಊಟ ಹೇಗಿದೆ ನೋಡೋಣ ಎಂದು ಅದೇ ಡಬ್ಬಿಯ ಮುಚ್ಚಳ ತೆಗೆದರು. ಅವರು ತಪಾಸಣೆಯನ್ನು ಅಲ್ಲಿಗೇ ಮುಗಿಸಿದರು. ವರದಿಯಲ್ಲಿ "ಬೋಧನೆ ಅತಿಯಾಗಿ ಪ್ರಾಯೋಗಿಕ" ಎಂದು ಬರೆದಿದ್ದರು. ನಮ್ಮ ಪ್ರಿನ್ಸಿಪಾಲ್ ಸದಾಶಿವಯ್ಯನವರು ಅದನ್ನು ಹೊಗಳಿಕೆ ಎಂದುಕೊಂಡು ನೋಟಿಸ್ ಬೋರ್ಡಿಗೆ ಹಾಕಿಸಿದರು.

ಸದಾಶಿವಯ್ಯನವರ ಊರು ಹಾಲ್ಕುರಿಕೆಯ ಹತ್ತಿರ. ತೋಟದವರು, ವಿಭೂತಿಯಿಲ್ಲದೆ ಮನೆ ಬಿಟ್ಟವರಲ್ಲ, ಒಳ್ಳೆಯ ಮನುಷ್ಯ. ಫೈಲು ಕಂಡರೆ ಮಾತ್ರ ಬೆವರುತ್ತಿದ್ದರು. "ಬೇರೆಯವರ ದೇವರ ವಿಷಯ ಎರಡು ಪೀರಿಯಡ್‌ನಲ್ಲಿ ಮುಗಿಸಿಬಿಡ್ರೀ ಮೇಡಂ, ನಮ್ಮ ದೇವರ ವಿಷಯವೇ ನಮಗೆ ಸಾಕಷ್ಟಿದೆ" ಎಂದು ಪ್ರತಿ ವರ್ಷ ಹೇಳುತ್ತಿದ್ದರು. ನಾನು ಆರು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ.

ಆ ಆರು ಪೀರಿಯಡ್‌ಗಳನ್ನೂ ತಪ್ಪದೆ ಕೇಳುತ್ತಿದ್ದವಳು ಕೆಂಪಮ್ಮ. ಸಂಪಿಗೆ ಕಡೆಯ ಹಳ್ಳಿಯವಳು. ಗುಡಿಸುವುದು, ನೀರು ತುಂಬುವುದು, ಸುತ್ತೋಲೆಯ ಪುಸ್ತಕ ತರಗತಿಗಳಿಗೆ ಒಯ್ಯುವುದು, ಬೆಲ್ ಹೊಡೆಯುವುದು ಅವಳ ಕೆಲಸ. ಹದಿನೆಂಟು ವರ್ಷದಿಂದ ದಿನಗೂಲಿ. ಕಾಯಂ ಮಾಡಿಕೊಳ್ಳುವ ಫೈಲು ಯಾವುದೋ ಮೇಜಿನಿಂದ ಯಾವುದೋ ಮೇಜಿಗೆ ಹೋಗುತ್ತಲೇ ಇತ್ತು. ನನ್ನ ಸಹಿ ಬೇಕು ಎಂಬ ನೆಪದಲ್ಲಿ ಸುತ್ತೋಲೆಯ ಪುಸ್ತಕ ಹಿಡಿದು ಬಾಗಿಲಿಗೆ ಒರಗಿ ನಿಂತರೆ ಪೀರಿಯಡ್ ಮುಗಿಯುವ ತನಕ ಅಲ್ಲಾಡುತ್ತಿರಲಿಲ್ಲ.

ಒಂದು ದಿನ ಮನುಷ್ಯರು ಹುಟ್ಟಿದ ಕತೆ ಹೇಳುತ್ತಿದ್ದೆ. ಮೊದಲು ಚಿಕ್ಕ ದೇವರುಗಳೇ ಕಾಲುವೆ ತೋಡುತ್ತಿದ್ದವು. ಸಾಕಾಗಿ ಹಾರೆ ಗುದ್ದಲಿಗಳಿಗೆ ಬೆಂಕಿ ಹಚ್ಚಿ ಮುಷ್ಕರ ಹೂಡಿದವು. ಆಗ ದೊಡ್ಡ ದೇವರುಗಳು ಯೋಚನೆ ಮಾಡಿ, ಆ ದುಡಿತಕ್ಕೆಂದೇ ಜೇಡಿಮಣ್ಣಿನಿಂದ ಮನುಷ್ಯರನ್ನು ಮಾಡಿದವು. ಬಾಗಿಲಿನಿಂದ ಕೆಂಪಮ್ಮ, "ಅಂದ್ರೆ ನಾವು ದೇವ್ರ ದಿನಗೂಲಿಗಳು ಅನ್ನಿ" ಎಂದಳು. ಹೌದು ಎಂದೆ. "ಕಾಯಂ ಮಾಡ್ಕಂಡ್ರಾ ಕೊನೆಗೆ?" ಎಂದು ಕೇಳಿದಳು. ಆ ವಿಷಯ ಅವರು ಬರೆದಿಟ್ಟ ಯಾವ ಮಣ್ಣಿನ ಫಲಕದಲ್ಲೂ ಸಿಕ್ಕಿಲ್ಲ ಎಂದು ಉತ್ತರ ಕೊಟ್ಟೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಾನು ನಿವೃತ್ತಳಾಗುವುದಕ್ಕೆ ಆರೇಳು ವರ್ಷ ಮುಂಚೆ ಇಲಾಖೆಯಿಂದ ಆದೇಶ ಬಂತು: ಪ್ರತಿ ವಿಷಯದವರೂ ಮಾದರಿಗಳನ್ನು ಮಾಡಿಸಿ ವಸ್ತುಪ್ರದರ್ಶನ ನಡೆಸಬೇಕು. ವಿಜ್ಞಾನದವರು ಎಂದಿನ ಹಾಗೆ ಜ್ವಾಲಾಮುಖಿ ಮಾಡಿದರು. ನಾವು ಎನ್ಕಿಯನ್ನು ಮಾಡಿದೆವು. ಬೇರೆ ದೇವರನ್ನು ಯಾಕೆ ಆರಿಸಲಿಲ್ಲ ಎಂದರೆ, ಆ ವರ್ಷ ಕಾಲೇಜಿನ ಬೋರ್‌ವೆಲ್ ಕೆಮ್ಮುತ್ತಿತ್ತು, ನೆಲದಡಿಯ ನೀರಿನ ದೇವರು ಎಂದ ಕೂಡಲೇ ಮಕ್ಕಳು ಬೇರೆಯವರ ಹೆಸರೇ ಎತ್ತಲಿಲ್ಲ.

ಭಾಗ್ಯ ಎಂಬ ಹುಡುಗಿ ಕುಂಬಾರರ ಮನೆಯವಳು. ಅವಳು ಕೆರೆಯ ಜೇಡಿಮಣ್ಣಿಗೆ ತೆಂಗಿನ ನಾರು ಕಲಸಿ ಎರಡು ಅಡಿ ಎತ್ತರದ ಮೂರ್ತಿ ಮಾಡಿದಳು. ನಾರಿನದೇ ಉದ್ದ ಗಡ್ಡ. ತಲೆಗೆ ಅವರ ದೇವರುಗಳು ಹಾಕುವ ಕೊಂಬಿನ ಕಿರೀಟ. ಎರಡು ಹೆಗಲಿಂದ ಇಳಿಯುವ ನೀರಿನ ಧಾರೆ, ಧಾರೆಯಲ್ಲಿ ಮೀನು. ಅವರು ದೇವರಿಗೆ ಬಟ್ಟೆ ತೊಡಿಸುತ್ತಿದ್ದರು ಎಂದು ನಾನು ಹೇಳಿದ್ದೆ. ಕಾಲೇಜಿನ ಎದುರಿನ ಟೈಲರ್ ನಯಾಜ್ ಅಳತೆ ತೆಗೆದುಕೊಂಡು ಉಳಿದ ತುಂಡುಗಳಲ್ಲಿ ಒಂದು ಜಾಲರಿಯ ನಿಲುವಂಗಿ ಹೊಲಿದುಕೊಟ್ಟರು. "ಸೊಂಟ ಸ್ವಲ್ಪ ಲೂಸ್ ಇಟ್ಟಿದ್ದೀನಿ ಮೇಡಂ, ಕೂತ್ಕಂಡೇ ಇರ್ತಾರಲ್ಲ" ಎಂದರು. ಕರಟದ ಚೂರು ತೇಯ್ದು ಕಣ್ಣುಗಳನ್ನು ಮಾಡಿದ್ದು ನಾನು. ಅಂಟಿಸಿದ್ದೂ ನಾನು.

ಮೂರ್ತಿ ತರಗತಿಗೆ ಬಂದ ದಿನ ನನಗೆ ಹುಮ್ಮಸ್ಸು ಹೆಚ್ಚಾಯಿತು. ಮೆಸೊಪೊಟೇಮಿಯದವರ ಪ್ರಕಾರ ಶಿಲ್ಪಿ ಮಾಡಿ ಮುಗಿಸಿದ ಮೂರ್ತಿ ಬರೀ ಮರ, ಬರೀ ಲೋಹ. ಅದಕ್ಕೆ ಬಾಯಿ ತೊಳೆಯುವ, ಬಾಯಿ ತೆರೆಯುವ ವಿಧಿ ಆಗಬೇಕು. ಆಗುವ ತನಕ ಅದಕ್ಕೆ ಧೂಪದ ವಾಸನೆ ತಿಳಿಯುವುದಿಲ್ಲ, ಅನ್ನ ಸೇರುವುದಿಲ್ಲ. ಆದ ಮೇಲೆ ಅದು ದೇವರು. ಕೊನೆಯಲ್ಲಿ ಇನ್ನೊಂದು ವಿಧಿಯಿದೆ: ಮೂರ್ತಿ ಮಾಡಿದವರ ಕೈಗಳನ್ನು ಬಟ್ಟೆಯಿಂದ ಕಟ್ಟಿ, ಮರದ ಕತ್ತಿಯಿಂದ ಕತ್ತರಿಸಿದ ಹಾಗೆ ಮಾಡುತ್ತಾರೆ. ಅವರು "ಇದನ್ನು ನಾನು ಮಾಡಿಲ್ಲ, ದೇವರೇ ಮಾಡಿದ್ದು" ಎಂದು ಪ್ರಮಾಣ ಮಾಡಬೇಕು. ಮನುಷ್ಯ ಮಾಡಿದ್ದು ಮನುಷ್ಯನಿಗೆ ದೇವರಾಗುವುದು ಹೇಗೆ ಎಂಬ ತೊಡಕು ಅವರಿಗೂ ಇತ್ತು, ಅದನ್ನು ಅವರು ಹೀಗೆ ಬಿಡಿಸಿಕೊಂಡಿದ್ದರು.

ಇಷ್ಟನ್ನೂ ಹೇಳಿ, ಮಾಡಿ ತೋರಿಸುತ್ತೇನೆ ಎಂದೆ. ಕೆಂಪಮ್ಮ ಒಂದು ಎಳನೀರು ಕೆತ್ತಿಸಿ ತಂದಳು. ಎನ್ಕಿಯ ಬಾಯಿಯನ್ನು ನನ್ನ ಕೈಯಾರೆ ಎಳನೀರಿನಿಂದ ತೊಳೆದೆ. ಜೇನು ತುಪ್ಪ ಸವರಿದೆ. ಕರಟದ ಕಣ್ಣಿನ ನಡುವೆ ಸೂಜಿಯಿಂದ ಬೊಟ್ಟು ಇಟ್ಟೆ. ಇನ್ನೇನು ಭಾಗ್ಯಳ ಕೈ ಕಟ್ಟಿ ಪ್ರಮಾಣ ಮಾಡಿಸಬೇಕು, ಕೆಂಪಮ್ಮ ಗಡಿಯಾರ ನೋಡಿ ಓಡಿದಳು, ಬೆಲ್ ಹೊಡೆಯಿತು. ಉಳಿದದ್ದು ನಾಳೆ ಎಂದು ಹೇಳಿ ನಾನು ಟೀ ಕುಡಿಯಲು ಹೋದೆ. ಮಾರನೆಯ ದಿನದಿಂದ ಕಿರುಪರೀಕ್ಷೆ ಶುರುವಾಯಿತು.

ಪ್ರದರ್ಶನದಲ್ಲಿ ನಮಗೆ ಎರಡನೇ ಬಹುಮಾನ ಬಂತು. ಮೊದಲನೆಯದು ಜ್ವಾಲಾಮುಖಿಗೆ. ಮೂರ್ತಿಯನ್ನು ಸ್ಟೋರ್ ರೂಮಿನಲ್ಲಿ ಮುರಿದ ಬೆಂಚುಗಳ ಪಕ್ಕ ಇಡಿಸಿ ಮರೆತೆ. ನಾಲ್ಕು ದಿನ ಬಿಟ್ಟು ಕೆಂಪಮ್ಮ ಸ್ಟಾಫ್ ರೂಮಿಗೆ ಬಂದು ನಿಂತಳು.

"ಮೇಡಂ, ಬಾಯಿ ತೆಗ್ಸ್‌ಬುಟ್ರಿ. ಇನ್ನು ಉಣ್ಣಕ್ಕೆ ಇಕ್ಕೋರ್ಯಾರು?"

ಅದು ಪಾಠ ಕೆಂಪಮ್ಮ, ಮಣ್ಣಿನ ಗೊಂಬೆ ಎಂದೆ.

"ಗೊಂಬೇನೇ ಇತ್ತು. ನೀವು ಬಾಯಿ ತೊಳದ್ ಮ್ಯಾಲೆ ದೇವ್ರು ಅಂತ ನೀವೇ ಹೇಳಿದ್ರಿ. ಅವರು ಎಷ್ಟೊತ್ತು ಇಕ್ತಿದ್ರು?"

"ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಪರದೆ ಎಳೆದು" ಎಂದೆ. ನನಗೆ ನಗು ಬಂದಿತ್ತು. ನಕ್ಕುಬಿಟ್ಟು ಉತ್ತರಪತ್ರಿಕೆ ತಿದ್ದಲು ಕೂತೆ.

ಮಾರನೆಯ ದಿನದಿಂದ ಎರಡು ಹೊತ್ತು ನಡೆಯಿತು. ಬೆಳಿಗ್ಗೆ ಬಾಳೆಹಣ್ಣು, ಸಂಜೆ ಮನೆಗೆ ಹೋಗುವ ಮುಂಚೆ ಅವಳ ಬುತ್ತಿಯಲ್ಲಿ ಉಳಿದದ್ದು. ಹಳೆಯ ರಾಜ್ಯೋತ್ಸವದ ಬ್ಯಾನರ್ ಪರದೆಯಾಯಿತು. ನೀರಿನ ದೇವರಾದ್ದರಿಂದ ನೀರಪ್ಪ ಎಂದು ಹೆಸರಿಟ್ಟಳು. ತಿಂಗಳಾದ ಮೇಲೆ ಮೆಕ್ಯಾನಿಕ್ ಬಂದು ಬೋರ್‌ವೆಲ್ಲಿನ ಮೋಟಾರನ್ನು ಮೇಲೆತ್ತಿ ಕಾಯಿಲ್ ಸುತ್ತಿ ಇಳಿಸಿದ. ನೀರು ಬಂತು. ಮೋಟಾರಿಗೆ ಯಾರೂ ಕೈ ಮುಗಿಯಲಿಲ್ಲ. ಪರೀಕ್ಷೆ ಹತ್ತಿರವಾದಾಗ ನೀರಪ್ಪನ ಕಾಲ ಬಳಿ ಹಾಲ್ ಟಿಕೆಟ್‌ಗಳು ಕಾಣಿಸಿಕೊಂಡವು. ಒಂದು ದಿನ ಇಣುಕಿ ನೋಡಿದರೆ ಸದಾಶಿವಯ್ಯನವರು ಅಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. "ಸ್ಟಾಕ್ ಚೆಕ್ ಮಾಡ್ತಿದ್ದೆ" ಎಂದರು.

ನಾನು ಆಗಲಾದರೂ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ, ಯಾಕೆಂದರೆ ನನಗೆ ಅದು ಚಂದ ಕಂಡಿತ್ತು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರು ನಡೆಯುತ್ತಿದೆ ಎಂದು ಖುಷಿಯಾಗಿ ನೋಡುತ್ತಿದ್ದೆ. ನೋಡುತ್ತಿರುವವಳು ಕಾಯಂ ಉಪನ್ಯಾಸಕಿ, ನಡೆಸುತ್ತಿರುವವಳು ದಿನಗೂಲಿ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಕೆಂಪಮ್ಮನ ಫೈಲು ಕೊನೆಯ ಮೇಜಿಗೆ ಬಂದಿದೆ, ಆ ತಿಂಗಳೇ ಪಟ್ಟಿ ಹೊರಡುತ್ತದೆ ಎಂದು ಗುಮಾಸ್ತರು ಹೇಳಿದ ವಾರದಲ್ಲೇ ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದರು. ಊರಿನ ವಾಟ್ಸಾಪ್ ಗುಂಪುಗಳಲ್ಲಿ ಅದು ಓಡಾಡಿತು. ಸರ್ಕಾರಿ ಕಾಲೇಜಿನಲ್ಲಿ ಕೊಂಬಿರುವ ಹೊರದೇಶದ ದೇವರಿಗೆ ಪೂಜೆ, ಮಕ್ಕಳನ್ನು ಅಡ್ಡ ಬೀಳಿಸುತ್ತಿದ್ದಾರೆ, ಇದರ ಹಿಂದೆ ಯಾರಿದ್ದಾರೆ ಎಂದು ಬರೆದಿದ್ದರು. ಆ ದೇವರನ್ನು ಪೂಜಿಸುವವರು ಭೂಮಿಯ ಮೇಲೆ ಇಲ್ಲವಾಗಿ ಎರಡು ಸಾವಿರ ವರ್ಷವಾಯಿತು ಎಂದು ಹೇಳಿದರೆ ಕೇಳುವವರು ಯಾರೂ ಇರಲಿಲ್ಲ. ದೂರು ಹೋಯಿತು. ವಿಚಾರಣೆಗೆ ಅಧಿಕಾರಿ ಬಂದರು.

ಅವರು ಸ್ಟೋರ್ ರೂಮಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡು, ಪ್ರಿನ್ಸಿಪಾಲರ ಕೋಣೆಯಲ್ಲಿ ಕೂತು, "ಇದನ್ನು ಮಾಡಿದವರು ಯಾರು?" ಎಂದು ಕೇಳಿದರು.

"ನಾನು ಮಾಡಿಲ್ಲ ಸಾರ್" ಎಂದರು ಸದಾಶಿವಯ್ಯನವರು. ಗುಮಾಸ್ತರು, ತಮ್ಮನ್ನು ಕೇಳದಿದ್ದರೂ, ತಾವು ಮಾಡಿಲ್ಲ ಎಂದರು. ಎದುರಿನ ಅಂಗಡಿಯಿಂದ ಕರೆಸಿದ ನಯಾಜ್, "ಬಟ್ಟೆ ಹೊಲ್ದೋನು ನಾನೇ ಸಾರ್. ದೇವ್ರಿಗೆ ಅಂತ ಹೊಲೀಲಿಲ್ಲ, ಕಾಲೇಜಿಗೆ ಅಂತ ಹೊಲ್ದೆ" ಎಂದರು. ಆ ಕೋಣೆಯಲ್ಲಿ ಅವರೊಬ್ಬರೇ ಹೆದರುವುದಕ್ಕೆ ನಿಜವಾದ ಕಾರಣವಿದ್ದವರು, ಅವರೊಬ್ಬರೇ ನೇರವಾಗಿ ಉತ್ತರ ಕೊಟ್ಟವರು. ಆಮೇಲೆ ನನ್ನ ಸರದಿ. ಆ ವರ್ಷ ಪ್ರಿನ್ಸಿಪಾಲ್ ಹುದ್ದೆಯ ಬಡ್ತಿ ಪಟ್ಟಿಯಲ್ಲಿ ನನ್ನ ಹೆಸರಿತ್ತು.

"ನಾನು ಮಾಡಿಲ್ಲ ಸಾರ್" ಎಂದೆ. "ಅದು ವಿದ್ಯಾರ್ಥಿಗಳ ಗುಂಪು ಚಟುವಟಿಕೆ."

"ಹಾಗಾದರೆ ಎಡೆ ಇಟ್ಟಿದ್ದು ಯಾರು?"

"ನಾನೇ ಸಾರ್" ಎಂದಳು ಬಾಗಿಲಲ್ಲಿ ನಿಂತಿದ್ದ ಕೆಂಪಮ್ಮ.

"ಯಾರು ಹೇಳಿಕೊಟ್ಟರಮ್ಮ ನಿನಗೆ ಇದನ್ನೆಲ್ಲ?"

ಕೆಂಪಮ್ಮ ನನ್ನ ಕಡೆ ಒಂದು ಸಲ ನೋಡಿದಳು. "ಯಾರೂ ಇಲ್ಲ ಸಾರ್. ಹಸ್ಕಂಡಿತ್ತು, ಇಕ್ಕಿದೆ" ಎಂದಳು.

ನಾಳೆಯಿಂದ ಬರಬೇಡ, ತಿಳಿಸುತ್ತೇವೆ ಎಂದರು. ಅವಳು ಬೆಲ್ಲಿನ ಸುತ್ತಿಗೆಯನ್ನು ಗುಮಾಸ್ತರ ಮೇಜಿನ ಮೇಲಿಟ್ಟು ಹೋದಳು.

ಅವತ್ತು ತಿಪಟೂರಿನ ಬಸ್ಸಿನಲ್ಲಿ ಪುಸ್ತಕ ತೆಗೆಯಲಿಲ್ಲ. ಹದಿನೆಂಟು ವರ್ಷ ನನ್ನ ಪಾಠವನ್ನು ನಂಬಿದ ಒಬ್ಬಳೇ ವಿದ್ಯಾರ್ಥಿಯ ಅನ್ನವನ್ನು ನಾನು ಕಿತ್ತುಕೊಂಡಿದ್ದೆ. ಬ್ಯಾಬಿಲೋನಿನ ಶಿಲ್ಪಿಗಳು "ನಾನು ಮಾಡಿಲ್ಲ" ಎಂದದ್ದು ದೇವರು ದೊಡ್ಡದು, ತಾವು ಚಿಕ್ಕವರು ಎಂದು. ನಾನು ಅದನ್ನೇ ಹೇಳಿದ್ದು ಪಟ್ಟಿಯಲ್ಲಿರುವ ಹೆಸರು ಉಳಿಯಲಿ ಎಂದು. ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಆದರೂ ಮಾರನೆಯ ದಿನ ಏನೂ ಮಾಡಲಿಲ್ಲ, ಅದರ ಮಾರನೆಯ ದಿನವೂ ಮಾಡಲಿಲ್ಲ. ಇದನ್ನು ಮುಚ್ಚಿಟ್ಟರೆ ಬರೆದು ಪ್ರಯೋಜನವಿಲ್ಲ. ಆ ಎರಡು ದಿನ ಬೆಲ್ಲನ್ನು ಗುಮಾಸ್ತರು ಹೊಡೆದರು, ಹೊತ್ತಿಗೆ ಸರಿಯಾಗಿ ಒಂದೂ ಬೀಳಲಿಲ್ಲ.

ಮೂರನೆಯ ದಿನ ಬೀಗದ ಕೈ ಇಸಿದುಕೊಂಡು ಸ್ಟೋರ್ ರೂಮಿಗೆ ಹೋದೆ. ನೀರಪ್ಪನ ಮುಂದೆ ಕೆಂಪಮ್ಮ ಕೊನೆಯ ದಿನ ಇಟ್ಟ ಬಾಳೆಹಣ್ಣು ಕಪ್ಪಾಗಿತ್ತು. ಪರದೆ ಹಾಗೇ ಎಳೆದಿತ್ತು. ನೀರಪ್ಪನ ಊಟ ಮುಗಿಯುವ ಮುಂಚೆಯೇ ಅವಳನ್ನು ಕರೆಸಿದ್ದರು ಎಂದು ಅದನ್ನು ನೋಡಿ ಗೊತ್ತಾಯಿತು. ಸ್ಟಾಫ್ ರೂಮಿಗೆ ಬಂದು ಹಾಳೆ ತೆಗೆದುಕೊಂಡೆ.

ಬರೆದದ್ದು ಇಷ್ಟು: "ಸದರಿ ಮೂರ್ತಿಯನ್ನು ಬೋಧನಾ ಸಾಮಗ್ರಿಯಾಗಿ ನಾನೇ ಮಾಡಿಸಿರುತ್ತೇನೆ. ಸದರಿ ಮೂರ್ತಿಯ ಕಣ್ಣುಗಳನ್ನು ನಾನೇ ಅಂಟಿಸಿರುತ್ತೇನೆ. ಬಾಯಿಯನ್ನು ನಾನೇ ಎಳನೀರಿನಿಂದ ತೊಳೆದಿರುತ್ತೇನೆ. ದಿನಕ್ಕೆ ಎರಡು ಹೊತ್ತು ಊಟ ಎಂಬುದಾಗಿ ದಿನಗೂಲಿ ನೌಕರಳಾದ ಕೆಂಪಮ್ಮನಿಗೆ ನಾನೇ ಮೌಖಿಕವಾಗಿ ತಿಳಿಸಿದ್ದು, ಆಕೆಯು ನನ್ನ ಮಾತಿನಂತೆ ನಡೆದುಕೊಂಡಿರುತ್ತಾಳೆ. ವಿಚಾರಣೆಯಲ್ಲಿ ನಾನು ಹೇಳಿದ್ದು ಸುಳ್ಳು."

ಸದಾಶಿವಯ್ಯನವರು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿದರು.

"ಬಾಯಿ ತೊಳೆದೆ ಅಂತ ಬರೆದಿದ್ದೀರಿ. ಇದಕ್ಕೆ ಯಾವ ನಿಯಮ ಹಾಕೋದು ಹೇಳ್ರೀ?"

"ಗೊತ್ತಿಲ್ಲ ಸಾರ್. ಹುಡುಕಿ."

"ಪಟ್ಟಿಯಿಂದ ಹೆಸರು ಹೋಗುತ್ತೆ ಕಣ್ರೀ ಮೇಡಂ. ಆಮೇಲೆ ನನ್ನ ಅನ್ನಬೇಡಿ."

"ಕಳಿಸಿ ಸಾರ್."

ಅವರು ಪೆನ್ನು ತೆಗೆದು, ಕೆಳಗೆ ತಮ್ಮ ಕೈಯಲ್ಲೇ ಒಂದು ಸಾಲು ಸೇರಿಸಿದರು: "ಸದರಿ ಮೂರ್ತಿಗೆ ನಾನೂ ಒಮ್ಮೆ ಕೈ ಮುಗಿದಿರುತ್ತೇನೆ." ಸಹಿ ಮಾಡಿ ಮೊಹರು ಒತ್ತಿದರು. ಬೆವರುತ್ತಿದ್ದರು. ಮೂವತ್ತು ವರ್ಷದಲ್ಲಿ ನಾನು ಕಂಡ ಮೇಲಧಿಕಾರಿಗಳಲ್ಲಿ ಹೀಗೆ ತಮ್ಮ ಮೇಲೆ ತಾವೇ ಬರೆದುಕೊಂಡವರು ಇವರೊಬ್ಬರೇ.

ನನ್ನ ಹೆಸರು ಬಡ್ತಿಯ ಪಟ್ಟಿಯಿಂದ ಹೋಯಿತು, ಕೆಂಪಮ್ಮನ ಹೆಸರು ಕಾಯಂ ಪಟ್ಟಿಗೆ ಸೇರಿತು. ಕೆಂಪಮ್ಮನ ಫೈಲಿಗೆ ಎರಡು ತಿಂಗಳು ಹೆಚ್ಚು ಹಿಡಿಯಿತು, ಅಷ್ಟೇ. ಅವಳು ಕೆಲಸಕ್ಕೆ ಮರಳಿದ ದಿನವೇ ಮೂರ್ತಿಯನ್ನು "ಸೂಕ್ತ ರೀತಿಯಲ್ಲಿ ವಿಲೇವಾರಿ" ಮಾಡಬೇಕೆಂಬ ಆದೇಶವೂ ಬಂತು. ಮುರಿದ ಬೆಂಚುಗಳನ್ನು ಗುಜರಿಗೆ ಹಾಕಿದ ಜವಾನರು ನೀರಪ್ಪನನ್ನು ಮುಟ್ಟಲಿಲ್ಲ.

"ಅವರು ಹೆಂಗೆ ಕಳಿಸ್ತಿದ್ರು ಮೇಡಂ, ಮುಕ್ಕಾದ ದೇವ್ರನ್ನ?" ಎಂದು ಕೆಂಪಮ್ಮ ಕೇಳಿದಳು.

ನಾನು ಈ ಸಲ ಓದಿ ನೋಡಿ ಹೇಳಿದೆ. ಸರಿಪಡಿಸಲು ಆಗದ ಮೂರ್ತಿಯನ್ನು ಬಟ್ಟೆಯಲ್ಲಿ ಸುತ್ತಿ ನೀರಿಗೆ ಬಿಡುತ್ತಿದ್ದರು, ನೀರಿನ ದೇವರ ಮನೆಗೆ ಹೋಗಲಿ ಎಂದು. ನಮ್ಮವನಂತೂ ಆ ಮನೆಯ ಯಜಮಾನನೇ.

ಭಾನುವಾರ ಬೆಳಿಗ್ಗೆ ಕೆರೆಗೆ ಹೋದೆವು. ನಯಾಜ್ ಸ್ಕೂಟರಿನ ಮುಂದೆ ನೀರಪ್ಪನನ್ನು ಕೂರಿಸಿಕೊಂಡು ನಿಧಾನವಾಗಿ ತಂದರು. ಒಂದೂವರೆ ಮೀಟರ್ ಹೊಸ ಬಿಳಿ ಬಟ್ಟೆಯನ್ನೂ ತಂದಿದ್ದರು, ಅಂಚು ಹೊಲಿದು. ಕೆಂಪಮ್ಮ ದಂಡೆಯಲ್ಲಿ ಎಡೆ ಇಟ್ಟಳು. ಮುದ್ದೆ, ಸೊಪ್ಪಿನ ಸಾರು, ಒಂದು ಬಾಳೆಹಣ್ಣು. ಪರದೆಯಿಲ್ಲವಾದ್ದರಿಂದ ನಾವು ಮೂವರೂ ಬೆನ್ನು ತಿರುಗಿಸಿ ನಿಂತೆವು.

ಬಟ್ಟೆ ಸುತ್ತುವ ಮುಂಚೆ ಕೆಂಪಮ್ಮ ನನ್ನ ಕಡೆ ಬಂದಳು. ಅವಳ ಕೈಯಲ್ಲಿ ಒಂದು ಪಂಚೆಯ ತುಂಡು, ಸೊಂಟದಲ್ಲಿ ಪೊರಕೆಯಿಂದ ಕಿತ್ತ ಒಂದು ತೆಂಗಿನ ಕಡ್ಡಿ.

"ಕೈ ಕೊಡಿ ಮೇಡಂ."

"ಯಾಕೆ?"

"ಅವತ್ತು ಒಂದು ಬಾಕಿ ಉಳೀತಲ್ಲ, ಕೈ ಕಟ್ಟದು. ಅದು ಆಗ್ದೆ ಇದ್ದಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ನಿಮ್ಮ ತಪ್ಪಲ್ಲ ಬುಡಿ. ಬೆಲ್ ಹೊಡ್ದೋಳು ನಾನೇ."

ಅಷ್ಟು ದಿನ ಅವಳು ಅದನ್ನು ತನ್ನ ತಪ್ಪು ಎಂದುಕೊಂಡಿದ್ದಳು. ನಾನು ಎರಡೂ ಕೈ ಮುಂದೆ ಚಾಚಿದೆ. ಅವಳು ಬಿಗಿಯಾಗಿ ಕಟ್ಟಿದಳು. ಕಡ್ಡಿಯಿಂದ ಮಣಿಕಟ್ಟಿನ ಮೇಲೆ ಎರಡು ಸಲ ಗೀಚಿದಳು. ನಯಾಜ್ ತಲೆಯ ಮೇಲೆ ಕರ್ಚೀಫು ಹಾಕಿಕೊಂಡು ಸ್ಕೂಟರಿನ ಪಕ್ಕ ನಿಂತಿದ್ದರು.

"ಈಗ ಹೇಳಿ."

"ನಾನು ಮಾಡಿಲ್ಲ" ಎಂದೆ. ಅಧಿಕಾರಿಯ ಮುಂದೆ ತಡವರಿಸದ ನಾಲಿಗೆ ಇಲ್ಲಿ ತಡವರಿಸಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಕೈ ಇರಲಿಲ್ಲ.

"ಇನ್ಯಾರು ಮಾಡಿದ್ದು?"

ದೇವರೇ ಮಾಡಿದ್ದು ಎನ್ನಬೇಕು. ನನಗೆ ಹಾಗೆನ್ನಲು ಬಾಯಿ ಬರಲಿಲ್ಲ. "ದಿನಾ ಉಣ್ಣಕ್ಕೆ ಇಕ್ಕಿದವಳು ಮಾಡಿದ್ದು" ಎಂದೆ.

ಕೆಂಪಮ್ಮ, "ಅದು ಪಾಠದಲ್ಲಿ ಇರ್ಲಿಲ್ಲ" ಎಂದು ಗಂಟು ಬಿಚ್ಚತೊಡಗಿದಳು. ಗಂಟು ಬಿಗಿದಿತ್ತು, ಹಲ್ಲು ಹಾಕಬೇಕಾಯಿತು.

ಆಮೇಲೆ ನಾನು ಕಾಲೇಜಿನಲ್ಲಿದ್ದಷ್ಟು ವರ್ಷ ಆ ಪಾಠದ ದಿನಗಳಲ್ಲಿ ಕೆಂಪಮ್ಮ ಗಡಿಯಾರ ನೋಡಿ ಬೆಲ್ ಹೊಡೆಯಲಿಲ್ಲ. ಮೊದಲು ನನ್ನ ತರಗತಿಯ ಬಾಗಿಲಿಗೆ ಬಂದು, "ಮುಗೀತಾ ಮೇಡಂ?" ಎಂದು ಕೇಳುತ್ತಿದ್ದಳು. ನಾನು ತಲೆಯಾಡಿಸಿದ ಮೇಲೇ ಹೋಗಿ ಹೊಡೆಯುತ್ತಿದ್ದಳು. ಆ ವಾರ ಇಡೀ ಕಾಲೇಜು ಐದು ಹತ್ತು ನಿಮಿಷ ತಡವಾಗಿ ನಡೆಯುತ್ತಿತ್ತು. ಸದಾಶಿವಯ್ಯನವರು ತಮ್ಮ ಗಡಿಯಾರವನ್ನೇ ಹಿಂದಕ್ಕೆ ತಿರುಗಿಸಿಕೊಳ್ಳುತ್ತಿದ್ದರು.

ಅವಳು ಇನ್ನೂ ಅಲ್ಲೇ ಇದ್ದಾಳೆ, ಈಗ ಕಾಯಂ. ನನ್ನ ಜಾಗಕ್ಕೆ ಬಂದವಳೇ, ಸೋಮವಾರ ನಿನ್ನ ಬಾಗಿಲಲ್ಲೂ ನಿಂತು ಕೇಳುತ್ತಾಳೆ. ಮುಗಿದಿರದಿದ್ದರೆ ಮುಗಿದಿಲ್ಲ ಅನ್ನು. ಕಾಯುತ್ತಾಳೆ.